ಗದ್ದದ ತಂತಿ

ಮಂಗಳೂರಿನ ಒಂದು ಸ್ಲೀಪ್ ಲ್ಯಾಬಿನಲ್ಲಿ ನಾನು ಟೆಕ್ನೀಷಿಯನ್. ಜನ ಅಲ್ಲಿಗೆ ಮಲಗಲು ಬರುತ್ತಾರೆ, ಎಚ್ಚರ ಇರುವುದಕ್ಕೆ ನನಗೆ ಸಂಬಳ. ಬರುವವರಲ್ಲಿ ಜಾಸ್ತಿ ಗೊರಕೆಯವರೇ. ಹಾಗಾಗಿ ನನ್ನ ಕಣ್ಣು ಯಾವಾಗಲೂ ಮೂಗಿನ ನಳಿಗೆ, ಎದೆಯ ಬೆಲ್ಟು, ಬೆರಳಿನ ಆಕ್ಸಿಜನ್ ಕ್ಲಿಪ್ಪಿನ ಮೇಲೆ. ಗದ್ದಕ್ಕೆ ಅಂಟಿಸುವ ತಂತಿ ಅಂದರೆ ಸುಮ್ನೆ ಶಾಸ್ತ್ರಕ್ಕೆ. ಮೂರು ಅಂಟಿಸಬೇಕು, ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ. ನಾನು ಎಷ್ಟೋ ಸಲ ಎರಡರಲ್ಲೇ ಮುಗಿಸುತ್ತಿದ್ದೆ.

ಒಂದು ಮೇ ತಿಂಗಳಲ್ಲಿ ಮಲ್ಪೆ ಕಡೆಯ ಹಿರಿಯರೊಬ್ಬರು ಬಂದರು. ಪ್ರಾಯದಲ್ಲಿ ಕೈರಂಪಣಿ, ಅಂದರೆ ದಡದಿಂದ ಎಳೆಯುವ ಮೀನುಬಲೆ, ಎಳೆದವರು. ಮಾತಾಡಿದ್ದೆಲ್ಲ ಅವರ ಹೆಂಡತಿ.

“ಇವರು ನಿದ್ದೆಯಲ್ಲಿ ಬಲೆ ಎಳೆಯುವುದು ಸಿಸ್ಟರೇ. ಮೊನ್ನೆ ನನ್ನ ಜಡೆ ಹಿಡಿದು ಎಳೆದರು. ಬೊಬ್ಬೆ ಹಾಕಿದ ಮೇಲೆಯೇ ಎಚ್ಚರ ಆದದ್ದು.”

ನಾನು ಸಿಸ್ಟರ್ ಅಲ್ಲ, ಆದರೆ ಬಿಳಿ ಕೋಟು ಹಾಕಿದ ಹೆಂಗಸರೆಲ್ಲ ಇಲ್ಲಿ ಸಿಸ್ಟರೇ. ಹಿರಿಯರು ನಕ್ಕರು. “ನನಗೆಂತ ಗೊತ್ತುಂಟು, ನಾನು ಮಲಗಿದ್ದೆ ಅಲ್ವಾ?”

ಕನಸು ಹೆಚ್ಚಾಗಿ ಬೀಳುವ ನಿದ್ದೆಗೆ ನಾವು ರೆಮ್ ಅನ್ನುತ್ತೇವೆ. ಆಗ ಕಣ್ಣುಗುಡ್ಡೆ ಅತ್ತಿತ್ತ ಓಡುತ್ತದೆ. ತೆರೆಯ ಮೇಲಿನ ಮಿದುಳಿನ ಗೆರೆ ಎಚ್ಚರ ಇದ್ದವರ ಗೆರೆಯ ಹತ್ತಿರ ಬರುತ್ತದೆ. ಮೈ ಮಾತ್ರ ಪೂರ್ತಿ ಸಡಿಲ. ಉಸಿರಾಡಿಸುವ ವಪೆ, ಕಣ್ಣಿನ ಸ್ನಾಯು ಬಿಟ್ಟರೆ ಉಳಿದದ್ದು ಹೆಚ್ಚುಕಡಿಮೆ ಬಂದ್. ಆಗ ಸ್ನಾಯುವಿನ ಬಿಗಿ ತೋರಿಸುವ ಗದ್ದದ ಗೆರೆ ತೆಳ್ಳಗೆ, ನೇರ ಇರಬೇಕು. ಇವರದು ದಪ್ಪ ಇದ್ದರೆ ಹೆಂಡತಿ ಹೇಳಿದ್ದು ನಿಜ.

ರಾತ್ರಿ ಅವರು “ಏಸಿ ಬೇಡ, ಚಳಿ” ಅಂದರು. ಆಫ್ ಮಾಡಿದೆ. ಮಂಗಳೂರಿನ ಮೇ ತಿಂಗಳ ಸೆಕೆ, ಮೂರು ದಿನದ ಗಡ್ಡ, ಅದರ ಮೇಲೆ ನನ್ನ ಎರಡೇ ತಂತಿ. ಮೂರು ಗಂಟೆಯ ಹೊತ್ತಿಗೆ ಕಣ್ಣಿನ ಗೆರೆ ಕುಣಿಯಲು ಶುರುವಾಯಿತು, ಗದ್ದದ ಗೆರೆ ದಪ್ಪ ಆಯಿತು. ಸಿಕ್ಕಿತು ಅಂತ ಖುಷಿಪಟ್ಟೆ. ಬೆಳಿಗ್ಗೆ ಡಾಕ್ಟರ್ ಒಂದು ಸೆಕೆಂಡಿನ ಗೆರೆಯನ್ನು ತೆರೆ ತುಂಬ ಹಿಗ್ಗಿಸಿ ಎಣಿಸಿದರು. ಗರಗಸದ ಹಾಗೆ ಸರಿಯಾಗಿ 50 ಹಲ್ಲು. ಸ್ನಾಯು ಅಷ್ಟು ಶಿಸ್ತಾಗಿ ಬಡಿಯುವುದಿಲ್ಲ. ಅದು ನಮ್ಮ ಗೋಡೆಯ ಕರೆಂಟು. ಬೆವರಿಗೆ ತಂತಿ ಜಾರಿ ಲೈನಿನ ಗುಂಯ್ ಒಳಗೆ ಬಂದಿತ್ತು. ಅದರ ಅಡಿಯಲ್ಲಿ ಸ್ನಾಯು ಇತ್ತೋ ಇಲ್ಲವೋ, ಯಾರೂ ಹೇಳುವ ಹಾಗಿಲ್ಲ. ತಲೆಯ ತಂತಿಗಳಲ್ಲಿ 35 ಹರ್ಟ್ಜ್‌ಗಿಂತ ಅಂದರೆ ಸೆಕೆಂಡಿಗೆ 35 ಹಲ್ಲಿಗಿಂತ ಮೇಲಿನದ್ದನ್ನು ನಾವು ಸೋಸಿಬಿಡುತ್ತೇವೆ. ಗದ್ದದ್ದನ್ನು 100ರವರೆಗೆ ಬಿಡಬೇಕು. ಅದಕ್ಕೇ ಈ ಕಾಟ ಜಾಸ್ತಿ ಅಲ್ಲಿಯೇ.

ಆ ಹಿರಿಯರಿಗೆ ಫೋನ್ ಮಾಡಿ “ಇನ್ನೊಂದು ರಾತ್ರಿ ಬರಬೇಕು” ಅಂದಾಗ ಆದ ನಾಚಿಕೆಗೆ ಓದಲು ಕೂತೆ.

ಎಲ್ಲವೂ ಬಂದು ನಿಲ್ಲುವುದು ಮಿದುಳುಕಾಂಡದಲ್ಲಿ. ಮಿದುಳಿಗೂ ಬೆನ್ನುಹುರಿಗೂ ನಡುವಿನ, ಸುಮಾರು ಹೆಬ್ಬೆರಳಿನಷ್ಟು ಜಾಗ. 1949ರಲ್ಲಿ ಮೊರುಜ್ಜಿ ಮತ್ತು ಮಾಗೌನ್ ಅನ್ನುವ ವಿಜ್ಞಾನಿಗಳು ಮಂಪರಿನಲ್ಲಿದ್ದ ಬೆಕ್ಕುಗಳಿಗೆ ಅಲ್ಲಿ ಕರೆಂಟು ಕೊಟ್ಟರು. ನಿಧಾನದ ದೊಡ್ಡ ಅಲೆಗಳು ಅಳಿದು ಎಚ್ಚರದ ಗೆರೆ ಬಂತು. 1966ರಲ್ಲಿ ಮಾಸ್ಕೋದಲ್ಲಿ ಶಿಕ್ ಮತ್ತು ಸಂಗಡಿಗರು ಅದೇ ಕಾಂಡದ ಮೇಲ್ಭಾಗದಲ್ಲಿ ಒಂದು ಜಾಗ ಕಂಡರು. ಅಲ್ಲಿ ಕರೆಂಟು ಕೊಟ್ಟಾಗ, ಮೇಲಿನ ಮಿದುಳಿನ ಸಂಪರ್ಕ ಕಡಿದ ಬೆಕ್ಕು ಟ್ರೆಡ್‌ಮಿಲ್ ಮೇಲೆ ನಡೆಯಿತು. ಕರೆಂಟು ಏರಿಸಿದರೆ ಓಡಿತು. ಎಡ್ಗರ್ ಗಾರ್ಸಿಯಾ-ರಿಲ್ ಅನ್ನುವ ಅಮೆರಿಕದ ವಿಜ್ಞಾನಿ ವರ್ಷಗಟ್ಟಲೆ ಹಿಂದೆ ಬಿದ್ದದ್ದು ಇದಕ್ಕೇ: ಎಚ್ಚರಿಸುವ ಜಾಗ, ಕಾಲು ಓಡಿಸುವ ಜಾಗ ಎರಡನ್ನೂ ಬೇರೆಬೇರೆ ಅಂತ ಯಾಕೆ ನೋಡಬೇಕು? ನನಗೂ ಸರಿ ಅನಿಸಿತು. ಹಾವು ಕಂಡು ಎಚ್ಚರಾದವನ ಕಾಲು ಮಾತ್ರ ಮಲಗಿದ್ದರೆ ಏನು ಪ್ರಯೋಜನ?

ಆದರೆ ನನ್ನ ಹಿರಿಯರ ಸಮಸ್ಯೆಗೆ ಉತ್ತರ ಕೊಟ್ಟದ್ದು ಫ್ರಾನ್ಸಿನ ನಿದ್ದೆ ವಿಜ್ಞಾನಿ ಮಿಷೆಲ್ ಜುವೆ. ಅದೇ ಕಾಂಡದ ಪೊನ್ಸ್ ಅನ್ನುವ ಭಾಗದಲ್ಲಿ ಒಂದು ಚೂರು ಹಾಳು ಮಾಡಿದರೆ ಬೆಕ್ಕು ರೆಮ್ ನಿದ್ದೆಯಲ್ಲೇ ಎದ್ದು ನಿಲ್ಲುತ್ತದೆ, ಇಲ್ಲದ ಇಲಿಯ ಮೇಲೆ ಹಾರುತ್ತದೆ. ಕನಸಿನ ಹೊತ್ತಲ್ಲಿ ಬೆನ್ನುಹುರಿಯ ನರಗಳಿಗೆ ಬೀಗ ಹಾಕುವ ಸಂದೇಶ ಹೊರಡುವುದು ಅಲ್ಲಿಂದ. ಮನುಷ್ಯರಲ್ಲೂ ಈ ಬೀಗ ಬೀಳದೆ ಇರಬಹುದು ಅಂತ ಅಮೆರಿಕದ ಡಾಕ್ಟರುಗಳಾದ ಶೆಂಕ್ ಮತ್ತು ಮಹೋವಾಲ್ಡ್ ವಿವರಿಸಿದ್ದು 1986ರಲ್ಲಿ. ಅಂದರೆ ನಾನು ಶಾಸ್ತ್ರಕ್ಕೆ ಅಂಟಿಸುತ್ತಿದ್ದ ತಂತಿ ಆ ಬೀಗ ಬಿದ್ದಿದೆಯೋ ಇಲ್ಲವೋ ಅಂತ ತೋರಿಸುವ ತಂತಿ.

ಎರಡನೇ ಸಲ ಗಡ್ಡ ಬೋಳಿಸಿಕೊಂಡು ಬನ್ನಿ ಅಂದೆ. ಚರ್ಮ ಉಜ್ಜಿ, ಗದ್ದಕ್ಕೆ ಮೂರು ತಂತಿ. ಚರ್ಮಕ್ಕೂ ತಂತಿಗೂ ನಡುವೆ ಕರೆಂಟಿಗೆ ಇರುವ ರೋಧ ಐದು ಕಿಲೋ ಓಮ್‌ಗಿಂತ ಕೆಳಗೆ ಇಳಿಯುವವರೆಗೆ ಬಿಡಲಿಲ್ಲ. ಕೈಯಿಂದ ಎಳೆಯುವವರು ಅಂತ ಎರಡೂ ಮುಂಗೈಗೆ ಬೇರೆ ತಂತಿ. ಏಸಿ ಹಾಕಿ ಕಂಬಳಿ ಕೊಟ್ಟೆ. ಮಲಗುವ ಮೊದಲು ಹಲ್ಲು ಕಚ್ಚಿಸಿ, ಮುಷ್ಟಿ ಹಿಡಿಸಿ ನೋಡಿದೆ. ಹನ್ನೆರಡಕ್ಕೊಮ್ಮೆ, ಎರಡಕ್ಕೊಮ್ಮೆ ಗೆರೆ ಹಿಗ್ಗಿಸಿ ಹಲ್ಲು ಎಣಿಸಿದೆ.

ರೆಮ್ ಜಾಸ್ತಿ ಬರುವುದು ಬೆಳಗಿನ ಜಾವ. ನಾಲ್ಕು ದಾಟಿತ್ತು. ಕಣ್ಣಿನ ಗೆರೆಗಳು ಎದುರುಬದುರು ಜಿಗಿದವು. ಗದ್ದದ ಗೆರೆ ಹರಿದ ಬಟ್ಟೆಯ ಅಂಚಿನಂತೆ ಚಿಂದಿಚಿಂದಿ. ಮುಂಗೈಯದೂ ಹಾಗೆಯೇ. ಕ್ಯಾಮೆರಾದಲ್ಲಿ ನೋಡಿದರೆ ಕಂಬಳಿಯ ಅಂಚು ಎರಡೂ ಕೈಯಲ್ಲಿ. ಒಂದು ಕೈಯ ಹಿಂದೆ ಇನ್ನೊಂದು, ಎಳೆಯುತ್ತಾ ಇದ್ದರು. ತುಳುವಿನಲ್ಲಿ ಯಾರಿಗೋ ಎಳೆಯಲು ಹೇಳುತ್ತಿದ್ದರು. ನನ್ನ ಮೈ ಜುಂ ಅಂತು.

ಬೆಳಿಗ್ಗೆ ತಂತಿ ಬಿಡಿಸುವಾಗ ಕೇಳಿದರು, “ಎಂತ ಬಂತು ಸಿಸ್ಟರೇ?”

“ಡಾಕ್ಟರ್ ಹೇಳ್ತಾರೆ.”

ಅದು ನಿಯಮ. ಆದರೆ ಅವತ್ತು ಆ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಹೀಗೆ ಕನಸಿನಲ್ಲಿ ಬೀಗ ಬೀಳದ, ಹಲವು ದೇಶಗಳ 1280 ರೋಗಿಗಳ ಮೇಲಿನ ಅಧ್ಯಯನವೊಂದು 2019ರಲ್ಲಿ ಬಂದಿದೆ. 12 ವರ್ಷದೊಳಗೆ ನೂರಕ್ಕೆ ಸುಮಾರು 73 ಮಂದಿಗೆ ಪಾರ್ಕಿನ್ಸನ್ ಅಥವಾ ಅದರ ಸಂಬಂಧದ ಕಾಯಿಲೆ ಬರುತ್ತದೆ ಅನ್ನುವುದು ಅದರ ಲೆಕ್ಕ. ಡಾಕ್ಟರ್ ಅದನ್ನು ಒಂದೇ ಸಲ ಹೇಳಲಿಲ್ಲ. ಮಾತ್ರೆ ಬರೆದರು, ನಡಿಗೆ ನೋಡಿದರು, ಆರು ತಿಂಗಳಿಗೆ ಬರಲು ಹೇಳಿದರು.

ಮನೆಯ ವಿಷಯ ಹೇಳುವುದು ನನ್ನ ಕೆಲಸ. ಮಂಚ ಬೇಡ, ನೆಲದ ಮೇಲೆ ಹಾಸಿಗೆ ಹಾಕಿ. ಹತ್ತಿರ ಸ್ಟೂಲು, ಗಾಜಿನ ಲೋಟ ಇಡಬೇಡಿ. ನೀವು ಬೇರೆ ಮಲಗಿ ಅಕ್ಕ ಅಂದೆ.

“ಬೇರೆ ಮಲಗಿದರೆ ರಾತ್ರಿ ಇವರನ್ನು ನೋಡುವುದು ಯಾರು?” ಅಂದರು ಅವರು. ಅಲ್ಲೇ ನಿಂತು ಜಡೆ ಸುತ್ತಿ ಗಟ್ಟಿಯಾಗಿ ತುರುಬು ಕಟ್ಟಿ ತೋರಿಸಿದರು. “ಇಷ್ಟು ಸಾಕಲ್ವಾ?”