ಐಸಿಎಲ್ ಹಾಕಿಸಿಕೊಂಡ ಮೇಲೆ: ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು

ಐಸಿಎಲ್ ಅಂದರೆ ಕನ್ನಡಕದ ಬದಲು ಆಪರೇಷನ್ ಮಾಡಿ ಕಣ್ಣಿನೊಳಗೆ, ನಿಮ್ಮ ಸಹಜ ಲೆನ್ಸ್ ತೆಗೆಯದೆ ಅದರ ಮುಂದೆ ಕೂರಿಸುವ ಲೆನ್ಸ್. ಅದಾದ ಮೇಲೆ ರಾತ್ರಿ ದೀಪಗಳ ಸುತ್ತ ಬಳೆಯಂಥ ಬೆಳಕು ಕಾಣುತ್ತಿದ್ದರೆ ಗಾಬರಿ ಬೇಡ. ಹೆಚ್ಚಿನವರಿಗೆ ಕೆಲವು ವಾರ, ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ. ಅಲ್ಲಿವರೆಗೆ ಕತ್ತಲಲ್ಲಿ ಗಾಡಿ ಓಡಿಸದಿರುವುದೇ ಒಳ್ಳೆಯದು.

ಆದರೆ ಆಪರೇಷನ್ ಆದ ದಿನ ಅಥವಾ ಮರುದಿನ ಕಣ್ಣುನೋವಿನ ಜೊತೆ ತಲೆನೋವು, ವಾಂತಿ ಬಂದರೆ ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿ ಮಲಗಬೇಡಿ. ಕಣ್ಣಿನೊಳಗಿನ ಒತ್ತಡ ಏರಿರಬಹುದು. ಬೆಳಗಾಗಲಿ ಅನ್ನಬೇಡಿ, ತಕ್ಷಣ ಕಣ್ಣಾಸ್ಪತ್ರೆಗೆ ಹೋಗಿ. ಕಣ್ಣು ಕೆಂಪಾಗಿ ನೋವು ಹೆಚ್ಚುತ್ತಾ ನೋಟ ಮಂಜಾದರೆ, ಮಿಂಚು ಹೊಡೆದಂತೆ ಇಲ್ಲವೇ ಪರದೆ ಇಳಿದಂತೆ ಕಂಡರೆ, ಆಗಲೂ ಅಷ್ಟೇ.

ಸ್ಟೀರಾಯ್ಡ್ ಡ್ರಾಪ್ಸ್ ಕೂಡ ಒತ್ತಡ ಏರಿಸಬಲ್ಲದು. ಹಾಗಂತ ನೀವೇ ನಿಲ್ಲಿಸಬೇಡಿ, ಕಣ್ಣಿನ ಪ್ರೆಶರ್ ನೋಡಿಸಿ. ಟೋರಿಕ್ ಲೆನ್ಸ್ (ಸಿಲಿಂಡರ್ ಪವರ್ ಕೂಡ ಸರಿಪಡಿಸುವ ಲೆನ್ಸ್) ಇದ್ದವರಿಗೆ ನೋಟ ದಿಢೀರನೆ ಕೆಟ್ಟರೆ ಲೆನ್ಸ್ ತಿರುಗಿರಬಹುದು, ಮತ್ತೆ ಕೂರಿಸಬಹುದು. ಚೆಕಪ್‌ನಲ್ಲಿ ‘ವಾಲ್ಟ್ ಎಷ್ಟಿದೆ?’ ಎಂದು ಕೇಳಿ, ಅಂದರೆ ಹಾಕಿದ ಲೆನ್ಸಿಗೂ ನಿಮ್ಮದೇ ಸಹಜ ಲೆನ್ಸಿಗೂ ನಡುವಿನ ಅಂತರ. ತೀರಾ ಕಡಿಮೆಯಿದ್ದರೆ ಮುಂದೆ ಪೊರೆ ಬರುವ ಸಾಧ್ಯತೆ ಹೆಚ್ಚು.