ಏಪ್ರಿಲ್‌ನಲ್ಲಿ ತಾಲ್ಲೂಕು ನೋಡಿ: ಹುಣಸೂರು ಆರಿಸಿಕೊಂಡ ನನ್ನ ಅನುಭವ

ತೋಟದ ಮನೆಗೆ ಜಾಗ ಹುಡುಕುವಾಗ ಮೊದಲು ಜಮೀನು ನೋಡಬಾರದು, ತಾಲ್ಲೂಕು ನೋಡಬೇಕು ಅಂತ ನಾನು ಹೇಳಿದಾಗ ಮನೆಯಲ್ಲಿ ಯಾರೂ ಒಪ್ಪಲಿಲ್ಲ. "ಸುಮ್ನೆ ಊರೂರು ಸುತ್ತಿ ಪೆಟ್ರೋಲ್ ಸುಡ್ತೀಯಾ ಕಣಯ್ಯಾ, ಸಕಲೇಶಪುರದ ಕಡೆ ಒಂದೆಕರೆ ತಗೊಂಡು ಬಿಡು" ಅಂದರು ನಮ್ಮ ಭಾವ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಅವರ ಬಡಾವಣೆಗೆ ಟ್ಯಾಂಕರ್ ಬರುವುದೇ ನಿಂತಾಗ ಅಕ್ಕ, ಭಾವ, ಮಕ್ಕಳು ಎಂಟು ದಿನ ನಮ್ಮ ತೋಟದ ಮನೆಯಲ್ಲೇ ಇದ್ದರು. ಕುಡಿಯಲು ಮಳೆನೀರು, ಉಣ್ಣಲು ನಮ್ಮದೇ ರಾಗಿ. ಈಗ ಭಾವನೇ ಇನ್ನೊಬ್ಬರಿಗೆ ನನ್ನ ನಂಬರ್ ಕೊಡುತ್ತಾರೆ.

ನನ್ನ ಗುರಿ ದೊಡ್ಡದೇನಲ್ಲ. 2020ರ ಲಾಕ್‌ಡೌನ್ ಥರ ಮೂರು ತಿಂಗಳು ಪೇಟೆ ಬಂದ್ ಆದರೂ ನಾಲ್ಕು ಜನ ಉಣ್ಣಬೇಕು, ನೀರಿರಬೇಕು, ರಾತ್ರಿ ಹಾವು ಕಚ್ಚಿದರೆ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಬೇಕು. ಅದೇ ವರ್ಷ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತ ಕಾನೂನು ಬದಲಾಯಿತು. ನಾನು ಹಿಂದೆಮುಂದೆ ನೋಡದೆ ಪಾವಗಡದ ಕಡೆ ಎರಡು ಎಕರೆ ತಗೊಂಡೆ. ಅಗ್ಗಕ್ಕೆ ಸಿಕ್ಕಿತ್ತು, ಎಕರೆಗೆ ಆರು ಲಕ್ಷದ ಆಸುಪಾಸು. ಮೊದಲ ಬೋರ್ 680 ಅಡಿ, ಬರೀ ಧೂಳು. ಎರಡನೆಯದು 900 ಅಡಿ, ಒಂದಿಂಚು ನೀರು ಬಂತು. ಕುಣಿದಾಡಿದೆ. ಪರೀಕ್ಷೆ ಮಾಡಿಸಿದರೆ ಫ್ಲೋರೈಡ್ ಲೀಟರಿಗೆ ಮೂರು ಮಿಲಿಗ್ರಾಂ ಮೇಲಿತ್ತು, ಕುಡಿಯುವ ನೀರಿಗೆ ಹೆಚ್ಚೆಂದರೆ ಒಂದೂವರೆ ಇರಬಹುದು. ಮಾರಿ ಹೊರಬರುವಷ್ಟರಲ್ಲಿ ಐದು ಲಕ್ಷ ಹೋಗಿತ್ತು. ಆ ಕಡೆಯ ನೀರಿನ ವಿಷಯ ಊರಿಗೆಲ್ಲ ಗೊತ್ತು, ನಾನು ಯಾರನ್ನೂ ಕೇಳಿರಲಿಲ್ಲ ಅಷ್ಟೇ.

ಆಮೇಲೆ ಶುರುವಾಗಿದ್ದು ತಾಲ್ಲೂಕು ಸುತ್ತುವ ಕೆಲಸ. ಹದಿನಾಲ್ಕು ತಿಂಗಳು, ಐದು ತಾಲ್ಲೂಕು, ಬೈಕು, ಒಂದು ನೋಟ್‌ಬುಕ್, ನೀರಲ್ಲಿ ಕರಗಿದ ಲವಣ ಅಳೆಯುವ ಒಂದು ಟಿಡಿಎಸ್ ಮೀಟರ್. ಖರ್ಚು ಒಟ್ಟು ಎಪ್ಪತ್ತು ಸಾವಿರ ಇರಬಹುದು. ಪ್ರತಿ ತಾಲ್ಲೂಕಿಗೂ ನೂರಕ್ಕೆ ಇಷ್ಟು ಅಂತ ಅಂಕ ಹಾಕುತ್ತಿದ್ದೆ, ಅದರಲ್ಲಿ ನೀರಿಗೇ ಮೂವತ್ತೈದು ಇಟ್ಟಿದ್ದೆ. ಪಹಣಿ, ಇಸಿ (ಋಣಭಾರ ಪತ್ರ), ಪೋಡಿ ಥರದ ಜಮೀನಿನ ದಾಖಲೆ ನೋಡಬೇಕು ಅನ್ನುವುದು ನಿಮಗೆ ಗೊತ್ತೇ ಇದೆ, ಅದನ್ನು ಬಿಡುತ್ತೇನೆ. ಒಂದು ಮಾತ್ರ ಹೇಳಬೇಕು. ಸರ್ಕಾರದಿಂದ ಮೂಲ ಮಂಜೂರಾತಿ ಯಾರ ಹೆಸರಿಗೆ ಆಗಿತ್ತು ಅಂತ ನೋಡದೆ ಅಡ್ವಾನ್ಸ್ ಕೊಡಬೇಡಿ. ಒಬ್ಬ ದಲ್ಲಾಳಿ ನನಗೆ ತೋರಿಸಿದ್ದು 1978ರ ಪಿಟಿಸಿಎಲ್ ಕಾಯ್ದೆಗೆ ಬರುವ ಭೂಮಿ, ಅಂದರೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದು. ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರುವಂತೆಯೇ ಇಲ್ಲ. ಒಂದೂವರೆ ಲಕ್ಷ ಅಡ್ವಾನ್ಸ್‌ನಲ್ಲಿ ನಲವತ್ತು ಸಾವಿರ ವಾಪಸ್ ಬಂತು.

ಮಳೆಗಾಲದಲ್ಲಿ ಎಲ್ಲ ಊರೂ ಚೆಂದವೇ ಅಲ್ವಾ? ಅದಕ್ಕೇ ನಾನು ಲೆಕ್ಕಕ್ಕೆ ಹಿಡಿದದ್ದು ಏಪ್ರಿಲ್ ಮಾತ್ರ. ಹೋಬಳಿ ಊರಿಗೆ ಹೋದರೆ ಮೊದಲು ಮೋಟಾರ್ ವೈಂಡಿಂಗ್ ಅಂಗಡಿ. ಟೀ ಕುಡಿಯುತ್ತಾ ಕೂತರೆ ಎಷ್ಟು ಅಡಿಗೆ ಮೋಟಾರ್ ಇಳಿಸುತ್ತಿದ್ದಾರೆ, ಹೋದ ವರ್ಷಕ್ಕಿಂತ ಎಷ್ಟು ಪೈಪ್ ಜಾಸ್ತಿ ಬಿಟ್ಟರು, ಯಾವ ಊರಲ್ಲಿ ನೀರಿಲ್ಲದೆ ಮೋಟಾರ್ ಸುಡುತ್ತಿದೆ, ಎಲ್ಲ ಒಂದು ಗಂಟೆಯಲ್ಲಿ ಗೊತ್ತಾಗುತ್ತದೆ. ಬೋರ್ ಎಲ್ಲಿ ಕೊರೆಯಬೇಕು ಅಂತ ಪಾಯಿಂಟ್ ನೋಡುವವರಿಗೆ ಕೊಟ್ಟ ದುಡ್ಡಿಗಿಂತ ಆ ಟೀ ದುಡ್ಡು ನನಗೆ ಹೆಚ್ಚು ಕೆಲಸಕ್ಕೆ ಬಂತು. ಆಮೇಲೆ ಸಂತೆ. ಸೊಪ್ಪು, ಅವರೆ, ಬದನೆ ಸುತ್ತಿನ ಊರಿಂದ ಬಂದಿದೆಯೋ ಲಾರಿಯಲ್ಲಿ ಇಳಿದಿದೆಯೋ ಅಂತ ಮಾರುವ ಅಮ್ಮಂದಿರನ್ನೇ ಕೇಳುತ್ತಿದ್ದೆ. ಆಮೇಲೆ ಹುಲ್ಲಿನ ಮೆದೆ. ಏಪ್ರಿಲ್‌ನಲ್ಲೂ ಹಿಂದಿನ ವರ್ಷದ ಕಪ್ಪಾದ ಮೆದೆ ಮನೆ ಮುಂದೆ ಉಳಿದಿದ್ದರೆ ಆ ಊರಿಗೆ ಐದು ಅಂಕ ಸುಮ್ನೆ ಕೊಡುತ್ತಿದ್ದೆ. ಹಾಲಿನ ಡೇರಿಯಲ್ಲಿ ಎರಡು ಪ್ರಶ್ನೆ ಕೇಳುತ್ತಿದ್ದೆ. ಅವೆರಡನ್ನು ಇಲ್ಲಿ ಬರೆಯುವುದಿಲ್ಲ.

ಸಾಗರ ನನಗೆ ತುಂಬಾ ಇಷ್ಟವಾಗಿತ್ತು. ನೀರಿಗೆ ಪೂರ್ತಿ ಅಂಕ. ಆದರೆ ನಾನು ನೋಡಿದ ಕಡೆಯೆಲ್ಲ ಅಡಿಕೆ, ಮಳೆಗಾಲದ ತರಕಾರಿ ಬಯಲುಸೀಮೆಯಿಂದಲೇ ಬರಬೇಕು. 2019ರಲ್ಲಿ ಅರಳಗೋಡಿನಲ್ಲಿ ಮಂಗನ ಕಾಯಿಲೆಯಿಂದ ಜನ ಸತ್ತದ್ದು ಕೇಳಿ ನನ್ನ ಹೆಂಡತಿ ಅಲ್ಲಿಗೆ ಬೇಡವೇ ಬೇಡ ಅಂದಳು. ಎಚ್.ಡಿ. ಕೋಟೆಯಲ್ಲಿ ನಾನು ನೋಡಿದ ಜಾಗ ಕಾಡಂಚು. ಬಾಳೆಗೆ ಆನೆ ನುಗ್ಗಿದ ಮರುದಿನವೇ ಹೋಗಿದ್ದೆ, ಆ ಹೊಲದ ಯಜಮಾನರ ಮುಖ ನೋಡಲು ಆಗಲಿಲ್ಲ.

ಹುಣಸೂರಿಗೆ ಎಪ್ಪತ್ತೆಂಟು ಅಂಕ ಬಿತ್ತು. ವರ್ಷಕ್ಕೆ 800 ಮಿ.ಮೀ. ಆಸುಪಾಸು ಮಳೆ, ಕೆಂಪು ಮಣ್ಣು, ಮುಂಗಾರಿಗೆ ಹೊಗೆಸೊಪ್ಪು ಹಾಕಿದ ಹೊಲದಲ್ಲೇ ಹಿಂಗಾರಿಗೆ ರಾಗಿ. ಮೈಸೂರು 45 ಕಿ.ಮೀ. ರಾತ್ರಿ ಹನ್ನೊಂದಕ್ಕೆ ಕಾರು ಓಡಿಸಿಕೊಂಡು ಹೋಗಿ ನೋಡಿದೆ, ಹಳ್ಳಿಯಿಂದ ದೊಡ್ಡಾಸ್ಪತ್ರೆಗೆ ಒಂದು ಗಂಟೆ ಹತ್ತು ನಿಮಿಷ. ಹನಗೋಡು ಹೋಬಳಿಯನ್ನು ಬಿಟ್ಟೆ, ನಾಗರಹೊಳೆ ಅಂಚು, ಆನೆ. ಶುಂಠಿ ಬೆಳೆದ ಜಮೀನನ್ನೂ ಬಿಟ್ಟೆ. ಗುತ್ತಿಗೆಗೆ ಹಿಡಿದು ಶುಂಠಿ ಹಾಕಿದವರು ಎಷ್ಟು ಗೊಬ್ಬರ, ಎಷ್ಟು ಔಷಧಿ ಸುರಿದಿರುತ್ತಾರೆ ಅಂತ ಪಕ್ಕದ ಹೊಲದವರನ್ನು ಕೇಳಿ ನೋಡಿ. ಕೊನೆಗೆ 2023ರ ಶುರುವಿನಲ್ಲಿ ಎಕರೆಗೆ 24 ಲಕ್ಷದ ಹಾಗೆ ಒಂದೂವರೆ ಎಕರೆ ಆಯಿತು. ಯಾವ ಊರು ಅಂತ ಕೇಳಬೇಡಿ, ಪಕ್ಕದ ಎರಡೆಕರೆ ಮೇಲೆ ಇನ್ನೂ ನನ್ನ ಕಣ್ಣಿದೆ.

ಆ ವರ್ಷವೇ ಮಳೆ ಕೈಕೊಟ್ಟಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ತಾಲ್ಲೂಕು ಬರಪೀಡಿತ ಅಂತ ಘೋಷಣೆಯಾಯಿತು. ಅರ್ಧ ಎಕರೆಯಲ್ಲಿ ಐದು ಕ್ವಿಂಟಾಲ್ ರಾಗಿ ನಿರೀಕ್ಷಿಸಿದ್ದೆ, ಒಂದೂವರೆ ಬಂತು. ಆದರೂ ಊರಿನ ಹಳೇ ಬಾವಿ ಬತ್ತಲಿಲ್ಲ. ಪಕ್ಕದ ಮನೆಯ ಅಜ್ಜಿ ಹಿಂದಿನ ವರ್ಷದ ರಾಗಿ ನಾಲ್ಕು ಮೂಟೆ ಕೊಟ್ಟರು, ಪೇಟೆ ದರಕ್ಕಿಂತ ಕಡಿಮೆಗೆ. ಹಳೇ ಮೆದೆ ಉಳಿದ ಊರಲ್ಲಿ ಹಳೇ ರಾಗಿಯೂ ಉಳಿದಿರುತ್ತದೆ, ಅದಕ್ಕೆ ಅಂಕ ಕೊಟ್ಟದ್ದು ಇದಕ್ಕೇ.

ಮನೆಯ ನೀರಿಗೆ ಸಾವಿರ ಚದರ ಅಡಿಯ ಹೆಂಚಿನ ಮಾಡಿನ ಮೇಲೆ ಬೀಳುವ ಮಳೆಯೇ ಗತಿ. ಲೆಕ್ಕದಲ್ಲಿ ವರ್ಷಕ್ಕೆ ಎಪ್ಪತ್ತು ಸಾವಿರ ಲೀಟರ್ ದಾಟುತ್ತದೆ, ನಾನು ಅರವತ್ತು ಅಂತ ಹಿಡಿದಿದ್ದೇನೆ. ಕುಡಿಯಲು, ಅಡುಗೆಗೆ ದಿನಕ್ಕೆ ನಲವತ್ತು ಲೀಟರ್, ತೊಟ್ಟಿ ಇಪ್ಪತ್ತು ಸಾವಿರದ್ದು. ಮೊದಲ ವರ್ಷ ನೀರಿಗೆ ಹೊಗೆ ವಾಸನೆ ಬಂತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ನಮ್ಮ ಮನೆಯಿಂದ ಇನ್ನೂರು ಅಡಿ ದೂರದಲ್ಲಿದೆ, ಮಸಿಯೆಲ್ಲ ಹೆಂಚಿನ ಮೇಲೆ. ಇದು ನನ್ನ ನೋಟ್‌ಬುಕ್ಕಿನಲ್ಲಿ ಇರಲೇ ಇಲ್ಲ. ಈಗ ಬ್ಯಾರನ್ ಉರಿಯುವ ತಿಂಗಳುಗಳಲ್ಲಿ ಪ್ರತಿ ಮಳೆಯ ಮೊದಲ ಅರ್ಧ ಗಂಟೆ ನೀರು ಹೊರಗೆ ಬಿಡುತ್ತೇವೆ.

ಹಗೇವಿನ, ಅಂದರೆ ನೆಲದೊಳಗೆ ಧಾನ್ಯ ತುಂಬಿಡುವ ಗುಂಡಿಯ ಕಥೆಯೂ ಇದೆ. ಅಜ್ಜಿ ಹೇಳಿದಂತೆ ಹಿಂದೆ ಬೀದಿಯಲ್ಲೇ ಹಗೇವು ಇದ್ದವು, ರಾಗಿ ಹತ್ತು ವರ್ಷ ಕೆಡುತ್ತಿರಲಿಲ್ಲ. ನಾನೂ ಒಂದು ತೋಡಿಸಿದೆ, ಹದಿನೆಂಟು ಸಾವಿರ ಖರ್ಚು. ತಗ್ಗಿನಲ್ಲಿ ತೋಡಿಸಿದ್ದು ತಪ್ಪು. ಸೋನೆ ಮಳೆಗೆ ಪಕ್ಕದಿಂದ ನೀರು ಜಿನುಗಿ ಎರಡು ಕ್ವಿಂಟಾಲ್ ರಾಗಿ ಬೂಷ್ಟು ಹಿಡಿಯಿತು. ಬಾಯಿ ತೆರೆದ ತಕ್ಷಣ ಒಳಗೆ ಇಳಿಯಲು ಹೊರಟಿದ್ದೆ, ಅಜ್ಜಿ ಕೂಗಿ ತಡೆದರು. ಹಗ್ಗದಲ್ಲಿ ದೀಪ ಇಳಿಸಿದರೆ ಅರ್ಧದಲ್ಲೇ ಆರಿಹೋಯಿತು. ಒಳಗೆ ಉಸಿರಾಡಲು ಗಾಳಿಯೇ ಇರಲಿಲ್ಲ. ಈ ಸಲ ದಿಬ್ಬದ ಮೇಲೆ, ಅಜ್ಜಿ ಕಾಲಿಂದ ಒತ್ತಿ ತೋರಿಸಿದ ಗಟ್ಟಿ ನೆಲದಲ್ಲಿ ಇನ್ನೊಂದು ತೋಡಿಸುತ್ತಿದ್ದೇನೆ. ಏಳು ಅಡಿ ಆಗಿದೆ, ಮಣ್ಣು ಇನ್ನೂ ಒಣಗಿಯೇ ಬರುತ್ತಿದೆ.