ವಾಟ್ಸಾಪ್ ಗ್ರೂಪಿಗೆ ನಿಯಮ ಬರೆದ ಅನುಭವ

ಬೆಳಗಾವಿಯ ಉದ್ಯಮಬಾಗದಲ್ಲಿರುವ ಒಂದು ಫೌಂಡ್ರಿಯಲ್ಲಿ, ಅಂದರೆ ಲೋಹದ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ನಾನು ಎಚ್‌ಆರ್ ನೋಡಿಕೊಳ್ಳುತ್ತೇನೆ. ಮೂರು ಶಿಫ್ಟ್ ನಡೆಯುತ್ತದೆ. ಅರ್ಧ ಮಾತು ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ. ಕೆಲಸಗಾರರು ತಾವೇ ಮಾಡಿಕೊಂಡ ವಾಟ್ಸಾಪ್ ಗ್ರೂಪ್ ಒಂದಿದೆ. ಅದರಲ್ಲಿ ನಾನಿಲ್ಲ, ಇರಲೂಬಾರದು.

2023ರ ಕೊನೆಯಲ್ಲಿ ಆ ಗ್ರೂಪಿನ ಒಂದಿಷ್ಟು ಸ್ಕ್ರೀನ್‌ಶಾಟ್ ಮಾಲೀಕರ ಫೋನಿಗೆ ಬಂದವು. ಇಂಥದ್ದನ್ನು ಕಳಿಸುವವರು ಪ್ರತಿ ಫ್ಯಾಕ್ಟರಿಯಲ್ಲೂ ಒಬ್ಬರಾದರೂ ಇರುತ್ತಾರೆ, ಬಿಡಿ. ಮಾಲೀಕರು ನನ್ನನ್ನು ಕರೆದು, "ಕಂಪನಿ ಬಗ್ಗೆ ಯಾರೂ ಏನೂ ಬರೀಬಾರ್ದು ಅಂತ ಒಂದ್ ಸರ್ಕ್ಯುಲರ್ ತಗೀರಿ. ಬರದ್ರ ಕೆಲಸ ಹೋಗ್ತೈತಿ ಅಂತನೂ ಹಾಕ್ರಿ" ಎಂದರು.

ಅಂಥ ಸರ್ಕ್ಯುಲರ್ ಬರೆಯಲು ಐದು ನಿಮಿಷ ಸಾಕು. ಆದರೆ ಅದು ಎಲ್ಲೂ ನಿಲ್ಲುವುದಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಇಂಥದ್ದೇ ಒಂದು ಕೇಸಿನಲ್ಲಿ ತೀರ್ಪು ಕೊಟ್ಟಿತ್ತು. ತಮಿಳುನಾಡು ಗ್ರಾಮ ಬ್ಯಾಂಕಿನ ನೌಕರರೊಬ್ಬರು ವಾಟ್ಸಾಪ್ ಗ್ರೂಪಿನಲ್ಲಿ ಆಡಳಿತವನ್ನು ಟೀಕಿಸಿದ್ದರು. ಬ್ಯಾಂಕ್ ಅವರ ಮೇಲೆ ದುರ್ನಡತೆಯ ಆರೋಪ ಹೊರಿಸಿ ಚಾರ್ಜ್ ಮೆಮೊ ಕೊಟ್ಟಿತು, ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್ ಅದನ್ನು ರದ್ದು ಮಾಡಿದರು. ಕೆಲಸ ಮಾಡುವವರಿಗೆ ಏನಾದರೊಂದು ಅಸಮಾಧಾನ ಇದ್ದೇ ಇರುತ್ತದೆ, ಅದು ಹೊರಗೆ ಬಂದರೆ ಸಂಸ್ಥೆಗೇ ಒಳ್ಳೆಯದು, ಸಂಸ್ಥೆಯ ಹೆಸರಿಗೆ ಧಕ್ಕೆ ಬಂದಾಗ ಮಾತ್ರ ಆಡಳಿತ ನಡುವೆ ಬರಬಹುದು ಎಂಬುದು ಅದರ ಸಾರ.

ನಮ್ಮ ವಕೀಲರು, "ಅದು ಸರ್ಕಾರಿ ಬ್ಯಾಂಕ್, ನೀವು ಖಾಸಗಿಯವರು. ಸಂವಿಧಾನದ 19(1)(ಎ) ಕೊಡುವ ವಾಕ್ ಸ್ವಾತಂತ್ರ್ಯ ಮುಖ್ಯವಾಗಿ ಸರ್ಕಾರಕ್ಕೆ ಹಾಕಿದ ಕಟ್ಟು" ಎಂದರು. ಸರಿಯೇ. ಆದರೆ ನನ್ನ ಭಯ ಇದ್ದದ್ದು ಲೇಬರ್ ಕೋರ್ಟಿನದು. ವಜಾ ಮಾಡಿದ ಶಿಕ್ಷೆ ಜಾಸ್ತಿಯಾಯಿತು ಅನ್ನಿಸಿದರೆ, 1947ರ ಕೈಗಾರಿಕಾ ವಿವಾದ ಕಾಯ್ದೆಯ 11ಎ ಕಲಂ ಪ್ರಕಾರ ಆ ಕೋರ್ಟು ಮನುಷ್ಯನನ್ನು ಮತ್ತೆ ಕೆಲಸಕ್ಕೆ ಕೂರಿಸಬಹುದಿತ್ತು. ಒಂದು ಜೋಕಿಗೆ ಕೆಲಸ ಕಿತ್ತುಕೊಂಡರೆ ಯಾವ ಕೋರ್ಟು ಒಪ್ಪುತ್ತದೆ?

ವಾದ ಮಾಡುತ್ತಾ ಕೂರಲಿಲ್ಲ. ಸ್ಕ್ರೀನ್‌ಶಾಟ್‌ಗಳನ್ನೆಲ್ಲ ಪ್ರಿಂಟ್ ತೆಗೆದೆ. ಹೆಸರು, ನಂಬರ್ ಮೇಲೆ ಕಪ್ಪು ಮಾರ್ಕರ್ ಎಳೆದೆ. ಮಾಲೀಕರ ಟೇಬಲ್ ಮೇಲೆ ಹರಡಿ, "ಇದರಲ್ಲಿ ಕಂಪನಿಗೆ ನಿಜವಾಗಿ ನಷ್ಟ ಮಾಡೋದು ಯಾವುದು, ನೀವೇ ತೆಗೀರಿ" ಎಂದೆ.

ಕ್ಯಾಂಟೀನ್ ಅವಲಕ್ಕಿಯಲ್ಲಿ ಕಲ್ಲು ಸಿಕ್ಕಿದ್ದು. ಓಟಿ ದುಡ್ಡು ತಡವಾದದ್ದು. ಪ್ಲಾಂಟ್ ಮ್ಯಾನೇಜರ್ ನಡಿಗೆಯ ಬಗ್ಗೆ ಒಂದು ಜೋಕ್ (ಚೆನ್ನಾಗಿಯೇ ಇತ್ತು). ಮಾಲೀಕರು ಆ ಜೋಕಿನ ಹಾಳೆಯನ್ನು ಮೊದಲು ಎತ್ತಿಕೊಂಡರು. ಕೊನೆಗೆ ಉಳಿದದ್ದು ಒಂದು ಫೋಟೊ. ತಪಾಸಣೆ ಟೇಬಲ್ ಮೇಲೆ ಸಾಲಾಗಿಟ್ಟ ಕಾಸ್ಟಿಂಗ್‌ಗಳು, ಕೆಳಗೆ "ಇವತ್ತಿನ ಲಾಟ್ ಮಸ್ತ್ ಬಂದೈತಿ" ಅಂತ ಬರಹ. ಅದನ್ನು ನೋಡಿ ಅವರು ಖುಷಿಪಟ್ಟು ಪಕ್ಕಕ್ಕಿಟ್ಟರು. ಆ ಫೋಟೊದ ಮೂಲೆಯಲ್ಲಿ ಗಿರಾಕಿಯ ಡ್ರಾಯಿಂಗ್ ಹರಡಿತ್ತು. ಪಾರ್ಟ್ ನಂಬರ್, ಅಳತೆಗಳು ಸ್ಪಷ್ಟವಾಗಿ ಓದಲು ಬರುತ್ತಿದ್ದವು. ಡ್ರಾಯಿಂಗ್ ಹೊರಗೆ ಹೋಗಬಾರದು ಅಂತ ನಾವು ಸಹಿ ಹಾಕಿ ಕೊಟ್ಟಿದ್ದೇವೆ. ಇಡೀ ರಾಶಿಯಲ್ಲಿ ಆರ್ಡರ್ ಕಳೆಯಬಹುದಾಗಿದ್ದದ್ದು ಕಂಪನಿಯನ್ನು ಹೊಗಳಿದ ಆ ಒಂದೇ ಮೆಸೇಜ್. ಬೆರಳಿಟ್ಟು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು.

ಇನ್ನೊಂದು ಮೆಸೇಜಿನ ಮೇಲೆ ಜಾಸ್ತಿ ಹೊತ್ತು ಹೋಯಿತು. ಎರಕದ ಒರಟು ಅಂಚು ತೆಗೆದು ಚೊಕ್ಕ ಮಾಡುವ ಫೆಟ್ಲಿಂಗ್ ವಿಭಾಗದ ಧೂಳು ಎಳೆಯುವ ಯಂತ್ರ ಸರಿ ಎಳೆಯುತ್ತಿಲ್ಲ, ಉಗುಳಿದರೆ ಕಪ್ಪು ಬರುತ್ತದೆ ಅಂತ ಒಬ್ಬರು ಬರೆದಿದ್ದರು. "ಇದನ್ನ ಇನ್‌ಸ್ಪೆಕ್ಟರ್ ನೋಡಿದ್ರ ಹ್ಯಾಂಗ್ರಿ?" ಎಂದರು ಮಾಲೀಕರು. ಎರಕದ ಮರಳಿನ ಧೂಳಿನಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ, 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲೇ, ಅಂದರೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲೇ ಇತ್ತು. ಆರೋಗ್ಯ, ಸುರಕ್ಷತೆಯ ಮಾಹಿತಿ ಕೇಳುವ ಹಕ್ಕನ್ನು ಕೆಲಸಗಾರನಿಗೆ ಅದೇ ಕಾಯ್ದೆಯ 111ಎ ಕಲಂ ಕೊಟ್ಟಿತ್ತು. "ಬರೆದವನಿಗೆ ಮೆಮೊ ಕೊಟ್ಟರೆ ನಾಳೆ ಆ ಮೆಮೊನೇ ನಮ್ಮ ವಿರುದ್ಧ ಸಾಕ್ಷಿ ಆಗುತ್ತೆ" ಎಂದೆ. ಮೆಮೊ ಹೋಗಲಿಲ್ಲ. ಫಿಲ್ಟರ್ ಬ್ಯಾಗ್‌ಗಳನ್ನು ಬದಲಿಸಿದೆವು.

ಆಮೇಲೆ ಬರೆದದ್ದು ಒಂದೇ ಪುಟ. ಮೊದಲ ಸಾಲು ಹೀಗಿದೆ: ಸಂಬಳ, ಓಟಿ, ಊಟ, ಸುರಕ್ಷತೆ, ಮೇಲಿನವರ ನಡವಳಿಕೆ, ಇವುಗಳ ಬಗ್ಗೆ ಕೆಲಸಗಾರರು ತಮ್ಮೊಳಗೆ ಮಾತಾಡುವುದು, ಬರೆಯುವುದು ದುರ್ನಡತೆ ಅಲ್ಲ. ಮಾಲೀಕರಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ನಮ್ಮ ಮಾಲು ಅಮೆರಿಕಕ್ಕೂ ಹೋಗುತ್ತದೆ. ಅಲ್ಲಿ ಯೂನಿಯನ್ ಇರಲಿ ಬಿಡಲಿ, ಕೆಲಸದ ಷರತ್ತುಗಳ ಬಗ್ಗೆ ನೌಕರರು ಒಟ್ಟಾಗಿ ಮಾತಾಡಲು 1935ರ ಕಾನೂನೇ ರಕ್ಷಣೆ ಕೊಡುತ್ತದೆ ಎಂದು ಹೇಳಿದೆ. ಕೋರ್ಟಿನ ತೀರ್ಪಿಗಿಂತ ಗಿರಾಕಿಯ ದೇಶದ ಕಾನೂನು ಚೆನ್ನಾಗಿ ಕೆಲಸ ಮಾಡಿತು!

ಕೆಳಗಿನ ಸಾಲುಗಳಲ್ಲಿ ಮಾಡಬಾರದ್ದು: ಡ್ರಾಯಿಂಗ್, ದರ, ಗಿರಾಕಿಯ ಹೆಸರು ಹೊರಗೆ ಹಾಕುವುದು, ಗೊತ್ತಿದ್ದೂ ಸುಳ್ಳು ಹಬ್ಬಿಸುವುದು, ಬೆದರಿಸುವುದು, ಕೋರ್ ಶಾಪ್ ವಿಭಾಗದ ಹೆಣ್ಣುಮಕ್ಕಳ ಬಗ್ಗೆ ಅಸಹ್ಯವಾಗಿ ಬರೆಯುವುದು. ಕೊನೆಯದು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಗೇ ಬರುತ್ತದೆ, ಅದರಲ್ಲಿ ಚೌಕಾಸಿ ಇಲ್ಲ. ಪ್ರತಿಯೊಂದಕ್ಕೂ ಒಂದೊಂದು ಉದಾಹರಣೆ ಕೊಟ್ಟೆ. "ಕಂಪನಿಯ ಘನತೆಗೆ ಕುಂದು" ಅನ್ನುವ ಮಾತನ್ನು ಬೇಕಂತಲೇ ಬಿಟ್ಟೆ. ಅದರೊಳಗೆ ಯಾರನ್ನು ಬೇಕಾದರೂ ತುರುಕಬಹುದು.

ಕ್ಯಾಂಟೀನಿನಲ್ಲಿ ಎರಡೂ ಭಾಷೆಯಲ್ಲಿ ಓದಿ ಹೇಳಿದೆವು. ಹಿರಿಯ ಮೋಲ್ಡರ್ ಒಬ್ಬರು ಎದ್ದು, "ಸಾಹೇಬ್ರ, ಗ್ರೂಪಿನ ಅಡ್ಮಿನ್ ನಾನದೀನ್ರಿ. ಯಾರರ ಏನರ ಹಾಕಿದ್ರ ನನ್ನ ಹಿಡಿತಾರೇನ್ರಿ?" ಎಂದು ಕೇಳಿದರು. ಇಲ್ಲ ಕಾಕಾ ಎಂದೆ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಇದನ್ನೇ ಹೇಳಿವೆ. ಬೇರೆಯವರು ಹಾಕಿದ್ದಕ್ಕೆ ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಹೊಣೆ ಬರುವುದಿಲ್ಲ. ಇನ್ನೊಬ್ಬರು, ನವೆಂಬರ್ 1 ಹತ್ತಿರ ಬಂದಾಗ ಗಡಿ ವಿಷಯದ ಮೆಸೇಜುಗಳನ್ನೂ ಬಂದ್ ಮಾಡಿಸಿ ಎಂದರು. ಅದು ನಮ್ಮ ಕೆಲಸ ಅಲ್ಲ ಎಂದೆ. ಒಬ್ಬ ಇನ್ನೊಬ್ಬನಿಗೆ ಧಮಕಿ ಹಾಕಿದರೆ ಮಾತ್ರ ನನ್ನ ಹತ್ತಿರ ಬನ್ನಿ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೆಲಸದ ಷರತ್ತು, ದುರ್ನಡತೆ ಎಲ್ಲ ಬರೆದಿಡುವ ಸ್ಥಾಯಿ ಆದೇಶ (ಸ್ಟ್ಯಾಂಡಿಂಗ್ ಆರ್ಡರ್) ಈಗ 300 ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಮಾತ್ರ ಕಡ್ಡಾಯ. ನಮ್ಮದು ಅಷ್ಟು ದೊಡ್ಡದಲ್ಲ. "ಹಂಗಾರ ಆ ಪುಟಾನೂ ಬ್ಯಾಡಲ್ರಿ?" ಎಂದರು ಮಾಲೀಕರು. ನೇಮಕಾತಿ ಪತ್ರ ಈಗ ಎಲ್ಲರಿಗೂ ಕೊಡಲೇಬೇಕು, ಅದಕ್ಕೆ ಪಿನ್ ಹೊಡೆದು ಕೊಡ್ತೀನಿ ಎಂದೆ.